ಎಫ್‌ಇಸಿ ಹಾಕಿದರೂ ಲೈವ್ ವಿಡಿಯೋ ಒಡೆಯುತ್ತಿದ್ದರೆ: ದೋಷ ಹುಡುಕುವ ಕೈಪಿಡಿ

ಲಕ್ಷಣ ಹೀಗಿರುತ್ತದೆ. ಲೈವ್ ವಿಡಿಯೋ ಹೋಗುತ್ತಿದೆ. ಚಿತ್ರ ಆಗಾಗ ಚೌಕ ಚೌಕವಾಗಿ ಒಡೆಯುತ್ತದೆ, ಆಡಿಯೋ ಚಿಟ್ ಅನ್ನುತ್ತದೆ, ಒಂದೆರಡು ಸೆಕೆಂಡಿನಲ್ಲಿ ತಾನಾಗಿಯೇ ಸರಿಹೋಗುತ್ತದೆ. ಯಾರೋ ಹೇಳಿದರು ಅಂತ ಎಫ್‌ಇಸಿ (ಫಾರ್ವರ್ಡ್ ಎರರ್ ಕರೆಕ್ಷನ್, ದಾರಿಯಲ್ಲಿ ಕಳೆದ ಪ್ಯಾಕೆಟ್ಟನ್ನು, ಅಂದರೆ ಡೇಟಾದ ತುಣುಕನ್ನು, ಸರಿಪಡಿಸುವ ಉಪಾಯ) ಆನ್ ಮಾಡಿದ್ದೀರಿ. ಶೇ 10ರಷ್ಟು ಹೆಚ್ಚುವರಿ ಪ್ಯಾಕೆಟ್ ಹೋಗುತ್ತಿದೆ. ಚಿತ್ರ ಮಾತ್ರ ಹಾಗೇ ಒಡೆಯುತ್ತಿದೆ. ಶೇ 20ಕ್ಕೆ ಏರಿಸಿದಿರಿ. ಈಗ ಮೊದಲಿಗಿಂತ ಜಾಸ್ತಿ ಒಡೆಯುತ್ತಿದೆ!

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ‘ಪ್ಯಾಕೆಟ್ ಲಾಸ್ ಎಷ್ಟು?’ ಅಂತ ಕೇಳುತ್ತಾರೆ, ಶೇಕಡಾ ಲೆಕ್ಕ ತೆಗೆಯುತ್ತಾರೆ, ಅದಕ್ಕಿಂತ ದೊಡ್ಡದೊಂದು ಅಂಕಿಯನ್ನು ಎಫ್‌ಇಸಿಗೆ ಕೊಡುತ್ತಾರೆ. ಆದರೆ ಎಷ್ಟು ಕಳೆಯುತ್ತಿದೆ ಅನ್ನುವುದಕ್ಕಿಂತ ಎಲ್ಲಿ ಕಳೆಯುತ್ತಿದೆ, ಹೇಗೆ ಕಳೆಯುತ್ತಿದೆ ಅನ್ನುವುದೇ ಮುಖ್ಯ. ಒಂದೊಂದೇ ಚದುರಿ ಹೋಗುವ ನಷ್ಟಕ್ಕೆ ಒಂದು ಮದ್ದು, ಗೊಂಚಲಾಗಿ ಹೋಗುವುದಕ್ಕೆ ಇನ್ನೊಂದು. ಲಿಂಕ್ ತುಂಬಿ ತುಳುಕುತ್ತಿದ್ದರಂತೂ ಎಫ್‌ಇಸಿಯೇ ರೋಗ.

ಎರಡು ಮಾತಿನಲ್ಲಿ ಹಿನ್ನೆಲೆ. ಎಫ್‌ಇಸಿ ಅಂದರೆ ಮುಂಗಡ ವಿಮೆಯ ಹಾಗೆ. ಹತ್ತು ಪ್ಯಾಕೆಟ್‌ಗಳನ್ನು ಎಕ್ಸ್‌ಆರ್ ಮಾಡಿ (ಬಿಟ್‌ಗೆ ಬಿಟ್ ಹೋಲಿಸಿ ಬೆರೆಸುವ ಲೆಕ್ಕ) ಹನ್ನೊಂದನೆಯದೊಂದನ್ನು ಜೊತೆಗೆ ಕಳಿಸುತ್ತೇವೆ. ಯಾವುದಾದರೂ ಒಂದು ಕಳೆದರೆ ಉಳಿದವುಗಳಿಂದ ಅದನ್ನು ಮತ್ತೆ ಕಟ್ಟಬಹುದು. ಎರಡು ಕಳೆದರೆ ಕಟ್ಟಲು ಬರುವುದಿಲ್ಲ. ಎಆರ್‌ಕ್ಯೂ ಅಂದರೆ ಕಳೆದದ್ದನ್ನು ಕೇಳಿ ಮತ್ತೆ ತರಿಸಿಕೊಳ್ಳುವುದು. ಅದಕ್ಕೆ ಹೋಗಿ ಬರುವಷ್ಟು ಸಮಯ ಬೇಕು. ವಿಡಿಯೋ ಕಳಿಸುವ ಪ್ರೊಟೊಕಾಲ್‌ಗಳಾದ ಎಸ್‌ಆರ್‌ಟಿ, ರಿಸ್ಟ್ ಎರಡೂ ಮುಖ್ಯವಾಗಿ ಈ ಎರಡನೇ ದಾರಿಯವು.

ಇದೆಲ್ಲ ಯುಡಿಪಿ (ಕಳೆದದ್ದನ್ನು ತಾನಾಗಿ ಮತ್ತೆ ಕಳಿಸದ ಸಾಗಣೆ ವಿಧಾನ) ಮೇಲೆ ಹೋಗುವ ವಿಡಿಯೋಗೆ ಸಂಬಂಧಿಸಿದ್ದು. ನಿಮ್ಮದು ಎಚ್‌ಎಲ್‌ಎಸ್ ಅಥವಾ ಡ್ಯಾಶ್ (ವೆಬ್ ಮೂಲಕ ತುಣುಕು ತುಣುಕಾಗಿ ವಿಡಿಯೋ ಕೊಡುವ ಬಗೆಗಳು) ಆಗಿದ್ದರೆ ಕಳೆದ ಪ್ಯಾಕೆಟ್ಟನ್ನು ಕೆಳಗಿನ ಪದರವೇ ಮತ್ತೆ ತರಿಸುತ್ತದೆ. ಅಲ್ಲಿ ಚಿತ್ರ ಒಡೆಯುವುದಿಲ್ಲ, ಚಕ್ರ ತಿರುಗುತ್ತಾ ನಿಲ್ಲುತ್ತದೆ. ಆ ತೊಂದರೆಗೆ ಮದ್ದು ಬೇರೆ, ಇಲ್ಲಿ ಹುಡುಕಬೇಡಿ.

ದಾರಿಯಲ್ಲೇ ಕಳೆಯುತ್ತಿದೆಯಾ, ಮನೆ ಬಾಗಿಲಲ್ಲಾ?

ನೆಟ್‌ವರ್ಕ್ ಮೇಲೆ ಗೂಬೆ ಕೂರಿಸುವ ಮುಂಚೆ ಎರಡು ಕಡೆ ನೋಡಿ.

ಮೊದಲನೆಯದು ಕಳಿಸುವ ಕಡೆ. ಎನ್‌ಕೋಡರ್‌ನಿಂದ (ವಿಡಿಯೋ ಕುಗ್ಗಿಸಿ ಕಳಿಸುವ ಸಾಧನ) ಹೊರಬಿದ್ದ ಸ್ಟ್ರೀಮನ್ನು ಅಲ್ಲೇ ಒಂದು ಫೈಲ್‌ಗೆ ಹಿಡಿದಿಡಿ. ಪ್ರತಿ ಟಿಎಸ್ (ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ಪ್ಯಾಕೆಟ್‌ನ ತಲೆಯಲ್ಲಿ 4 ಬಿಟ್‌ನ ಕಂಟಿನ್ಯುಟಿ ಕೌಂಟರ್ ಇರುತ್ತದೆ. 0ಯಿಂದ 15ರವರೆಗೆ ಏರಿ ಮತ್ತೆ 0ಗೆ ಬರುತ್ತದೆ. ಕಳಿಸುವ ಕಡೆಯ ಫೈಲ್‌ನಲ್ಲೇ ಅದು ಎಗರಿದ್ದರೆ ನೆಟ್‌ವರ್ಕ್ ಪಾಪ, ಏನೂ ತಪ್ಪು ಮಾಡಿಲ್ಲ. ತಪ್ಪು ಎನ್‌ಕೋಡರ್‌ನದೋ ಅದು ಕೂತಿರುವ ಮಷೀನಿನದೋ.

ಎರಡನೆಯದು ಪಡೆಯುವ ಕಡೆ. ಇಲ್ಲೇ ನಾನು ಒಮ್ಮೆ ಎರಡು ದಿನ ಕಳೆದುಕೊಂಡೆ. ಎಫ್‌ಇಸಿಯ ಅಂಕಿಗಳನ್ನು ಹಿಂದೆ ಮುಂದೆ ಮಾಡಿದ್ದೇ ಮಾಡಿದ್ದು. ಕೊನೆಗೆ ಬೇಸತ್ತು ರಿಸೀವರ್ ಮಷೀನಿನಲ್ಲಿ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಹಾಕಿ ನೋಡಿದರೆ ಒಂದೇ ಒಂದು ಪ್ಯಾಕೆಟ್ ಕಳೆದಿಲ್ಲ! ಎಲ್ಲವೂ ಮಷೀನಿಗೆ ಬಂದಿವೆ, ಆದರೆ ಪ್ರೋಗ್ರಾಮಿಗೆ ಸಿಕ್ಕಿಲ್ಲ. ಲಿನಕ್ಸ್‌ನಲ್ಲಿ ನೆಟ್‌ಸ್ಟ್ಯಾಟ್ ಕಮಾಂಡಿನ ಯುಡಿಪಿ ಅಂಕಿಅಂಶ ತೆರೆದರೆ ‘ರಿಸೀವ್ ಬಫರ್ ಎರರ್ಸ್’ ಅನ್ನುವ ಸಾಲು ಸಿಗುತ್ತದೆ. ಚಿತ್ರ ಒಡೆದಾಗಲೆಲ್ಲ ಆ ಸಂಖ್ಯೆ ಏರುತ್ತಿತ್ತು.

ಕಾರಣ ಸರಳ. ಲಿನಕ್ಸ್‌ನಲ್ಲಿ ಸಾಕೆಟ್‌ನ ರಿಸೀವ್ ಬಫರ್ (ಬಂದ ಪ್ಯಾಕೆಟ್ ಕಾಯುವ ಜಾಗ) ಸಾಮಾನ್ಯವಾಗಿ 212992 ಬೈಟ್‌ಗೆ ನಿಲ್ಲುತ್ತದೆ. ಅದರಲ್ಲೂ ಪೂರ್ತಿ ಜಾಗ ವಿಡಿಯೋಗೆ ಸಿಗುವುದಿಲ್ಲ. ಪ್ರತಿ ಪ್ಯಾಕೆಟ್‌ಗೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತನ್ನ ಒಳಖರ್ಚನ್ನೂ ಸೇರಿಸಿ ಲೆಕ್ಕ ಹಿಡಿಯುತ್ತದೆ. 20 ಎಂಬಿಪಿಎಸ್ ಸ್ಟ್ರೀಮ್ ಆದರೆ ಆ ಬಫರ್ ಪೂರ್ತಿ ಸಿಕ್ಕರೂ 85 ಮಿಲಿಸೆಕೆಂಡಿಗೆ ತುಂಬಿಹೋಗುತ್ತದೆ. ಪ್ರೋಗ್ರಾಮ್ ಡಿಸ್ಕಿಗೆ ಬರೆಯಲು ಅಷ್ಟು ಹೊತ್ತು ನಿಂತರೆ ಸಾಕು, ಪ್ಯಾಕೆಟ್ ಚೆಲ್ಲಿಹೋಯಿತು. ಕರ್ನಲ್‌ನ ಮಿತಿ ಏರಿಸಿ. ಅಷ್ಟೇ ಸಾಲದು, ಪ್ರೋಗ್ರಾಮ್‌ನ ಸೆಟ್ಟಿಂಗ್‌ನಲ್ಲೂ ದೊಡ್ಡ ಬಫರ್ ಕೇಳಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಏನೂ ಬದಲಾಗದು. ಈ ಎಣಿಕೆ ನೋಡಲು ಅರ್ಧ ನಿಮಿಷ ಸಾಕು. ಅದಕ್ಕೇ ಈಗ ನಾನು ಎಲ್ಲಕ್ಕಿಂತ ಮೊದಲು ಇದನ್ನೇ ನೋಡುತ್ತೇನೆ.

ಎಫ್‌ಇಸಿ ಪ್ಯಾಕೆಟ್ ನಿಜಕ್ಕೂ ತಲುಪುತ್ತಿದೆಯಾ?

ಆನ್ ಮಾಡಿದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಅಂತ ಅಲ್ಲ. ಟಿಎಸ್ ಅನ್ನು ಆರ್‌ಟಿಪಿ (ಪ್ರತಿ ಪ್ಯಾಕೆಟ್‌ಗೆ ಕ್ರಮಸಂಖ್ಯೆ ಹಚ್ಚುವ ಪ್ರೊಟೊಕಾಲ್) ಮೇಲೆ ಕಳಿಸುವಾಗ ಜಾಸ್ತಿ ಬಳಕೆಯಲ್ಲಿರುವುದು ಎಸ್‌ಎಂಪಿಟಿಇ 2022-1 ಎಂಬ ಪದ್ಧತಿ. ಹಳಬರು ಇದನ್ನು ಪ್ರೊ-ಎಂಪೆಗ್ ಅಂತಲೂ ಕರೆಯುತ್ತಾರೆ. ಇದರಲ್ಲಿ ಪ್ಯಾಕೆಟ್‌ಗಳನ್ನು ಒಂದು ಚೌಕಳಿಯಲ್ಲಿ ಸಾಲಾಗಿ ಬರೆದಂತೆ ಜೋಡಿಸಿಕೊಳ್ಳುತ್ತಾರೆ. ಅಡ್ಡಸಾಲಿಗೆ ಒಂದು ಎಕ್ಸ್‌ಆರ್ ಪ್ಯಾಕೆಟ್, ಕಂಬಸಾಲಿಗೆ ಒಂದು. ವಿಡಿಯೋ ಯಾವ ಪೋರ್ಟ್‌ನಲ್ಲಿ ಹೋಗುತ್ತದೋ ಅದಕ್ಕೆ 2 ಸೇರಿಸಿದ ಪೋರ್ಟ್‌ನಲ್ಲಿ ಕಂಬಸಾಲಿನ ಎಫ್‌ಇಸಿ, 4 ಸೇರಿಸಿದ ಪೋರ್ಟ್‌ನಲ್ಲಿ ಅಡ್ಡಸಾಲಿನ ಎಫ್‌ಇಸಿ ಹೋಗುತ್ತದೆ. ವಿಡಿಯೋ 5000ದಲ್ಲಿ ಇದ್ದರೆ ಎಫ್‌ಇಸಿ 5002 ಮತ್ತು 5004ರಲ್ಲಿ.

ಈ ಒಂದು ಸಂಗತಿ ಎಷ್ಟು ಜನರ ನಿದ್ದೆ ಕೆಡಿಸಿದೆಯೋ! ಫೈರ್‌ವಾಲ್‌ನಲ್ಲಿ 5000 ಮಾತ್ರ ತೆರೆದಿರುತ್ತಾರೆ. ವಿಡಿಯೋ ಬರುತ್ತದೆ, ಎಫ್‌ಇಸಿ ಬಾಗಿಲಲ್ಲೇ ಸಾಯುತ್ತದೆ. ರಿಸೀವರ್ ದೂರುವುದೂ ಇಲ್ಲ, ಸುಮ್ನೆ ಎಫ್‌ಇಸಿ ಇಲ್ಲದ ಸ್ಟ್ರೀಮ್ ಅಂದುಕೊಂಡು ಓಡಿಸುತ್ತದೆ.

ಇದಕ್ಕಿಂತ ಕಾಟದ್ದು ಪೋರ್ಟ್ ಡಿಕ್ಕಿ. ಒಮ್ಮೆ ಎರಡು ಕ್ಯಾಮೆರಾ ಸ್ಟ್ರೀಮ್‌ಗಳನ್ನು ಒಂದೇ ರಿಸೀವರ್‌ಗೆ ಕಳಿಸುತ್ತಿದ್ದೆವು. ಮೊದಲನೆಯದಕ್ಕೆ 5000, ಎರಡನೆಯದಕ್ಕೆ 5002 ಕೊಟ್ಟಿದ್ದೆ. ಬೆಸಸಂಖ್ಯೆ ಬಿಟ್ಟಿದ್ದೇನೆ, ನೀಟಾಗಿದೆ ಅಂತ ನನ್ನ ಲೆಕ್ಕ. ಒಂದನೇ ಕ್ಯಾಮೆರಾ ಒಂದೇ ಇದ್ದಾಗ ಚಿತ್ರ ಕನ್ನಡಿಯಂತೆ. ಎರಡನೆಯದನ್ನು ಒಂದೇ ಓಡಿಸಿದರೂ ಕನ್ನಡಿಯಂತೆ. ಎರಡೂ ಆನ್ ಆದರೆ ಎರಡನೆಯದು ಚಿಂದಿ. ಬ್ಯಾಂಡ್‌ವಿಡ್ತ್ ಸಾಲುತ್ತಿಲ್ಲ ಅಂತ ಎಲ್ಲರಿಗೂ ಅನಿಸಿತು. ಬಿಟ್‌ರೇಟ್ ಅರ್ಧ ಮಾಡಿದರೂ ಅದೇ ಕಥೆ. ಪೋರ್ಟ್ 5002ರ ಪ್ಯಾಕೆಟ್‌ಗಳನ್ನು ಹಿಡಿದು ನೋಡಿದಾಗ ಎರಡು ಬೇರೆ ಬೇರೆ ಸೀಕ್ವೆನ್ಸ್ ನಂಬರ್‌ಗಳು ಒಂದರೊಳಗೊಂದು ಹೆಣೆದುಕೊಂಡು ಬರುತ್ತಿದ್ದವು. ಮೊದಲ ಕ್ಯಾಮೆರಾದ ಕಂಬಸಾಲಿನ ಎಫ್‌ಇಸಿ ನೇರವಾಗಿ ಎರಡನೇ ಕ್ಯಾಮೆರಾದ ವಿಡಿಯೋ ಪೋರ್ಟ್‌ಗೆ ಬೀಳುತ್ತಿತ್ತು. ಎರಡನೆಯದನ್ನು 5010ಕ್ಕೆ ಸರಿಸಿದೆ. ಅಲ್ಲಿಗೆ ಮುಗಿಯಿತು. ಅಂದಿನಿಂದ ಸ್ಟ್ರೀಮ್‌ಗಳ ನಡುವೆ ಹತ್ತು ಪೋರ್ಟ್ ಬಿಟ್ಟೇ ಕೊಡುತ್ತೇನೆ.

ಮೂರನೆಯದು ಗಾತ್ರ. ಏಳು ಟಿಎಸ್ ಪ್ಯಾಕೆಟ್ ಸೇರಿದರೆ 1316 ಬೈಟ್. ಆರ್‌ಟಿಪಿಯ 12, ಯುಡಿಪಿಯ 8, ಐಪಿ ನಾಲ್ಕರ 20 ಸೇರಿ 1356. ಎಫ್‌ಇಸಿ ಪ್ಯಾಕೆಟ್‌ಗೆ ಮೇಲೆ 16 ಬೈಟ್‌ನ ತನ್ನದೇ ಹೆಡರ್ ಇರುವುದರಿಂದ ಅದು 1372. ಮಾಮೂಲಿ 1500ರ ಎಂಟಿಯು (ಲಿಂಕ್ ಒಪ್ಪುವ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಇರುವಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಧ್ಯೆ ವಿಪಿಎನ್ ಇದ್ದು, ಅದರ ಎಂಟಿಯು 1360 ಆಗಿದ್ದರೆ ಏನಾಗುತ್ತದೆ ನೋಡಿ. ವಿಡಿಯೋ ಆರಾಮಾಗಿ ದಾಟುತ್ತದೆ. ಎಫ್‌ಇಸಿ ಮಾತ್ರ ತುಂಡಾಗುತ್ತದೆ ಅಥವಾ ಬಿದ್ದುಹೋಗುತ್ತದೆ. ಹೀಗಾಗಿದ್ದರೆ ಏಳರ ಬದಲು ಆರು ಟಿಎಸ್ ಪ್ಯಾಕೆಟ್ ತುಂಬಿ ಕಳಿಸಿ.

ಕೊನೆಯದಾಗಿ, ಪಡೆಯುವವರಿಗೆ ಎಫ್‌ಇಸಿ ಬಿಚ್ಚಲು ಬರುತ್ತದೆಯೇ? ವಿಡಿಯೋ ಉಪಕರಣವಾದ ಎಫ್‌ಎಫ್‌ಎಂಪೆಗ್‌ನಲ್ಲಿರುವ ಪ್ರೊಂಪೆಗ್ ಪ್ರೊಟೊಕಾಲ್ ಎಫ್‌ಇಸಿಯನ್ನು ಕಳಿಸಲು ಮಾತ್ರ. ಬಂದ ಎಫ್‌ಇಸಿಯಿಂದ ಕಳೆದ ಪ್ಯಾಕೆಟ್ ಕಟ್ಟುವ ಕೆಲಸ ಅದು ಮಾಡುವುದಿಲ್ಲ. ಅದರಿಂದ ಕಳಿಸಿ, ಎಫ್‌ಎಫ್‌ಪ್ಲೇನಲ್ಲಿ ನೋಡಿ, ‘ಎಫ್‌ಇಸಿ ಕೆಲಸಕ್ಕೆ ಬಾರದ್ದು’ ಅಂತ ತೀರ್ಮಾನಿಸಿದವರನ್ನು ಕಂಡಿದ್ದೇನೆ. ಜಿಸ್ಟ್ರೀಮರ್‌ನಲ್ಲಿ ಇದನ್ನು ಬಿಚ್ಚುವ ಎಲಿಮೆಂಟ್ ಇದೆ. ಬಳಸುತ್ತಿರುವುದು ಯಾವುದೇ ಇರಲಿ, ‘ಎಫ್‌ಇಸಿಯಿಂದ ಸರಿಪಡಿಸಿದ ಪ್ಯಾಕೆಟ್’ ಅನ್ನುವ ಎಣಿಕೆ ಹುಡುಕಿ. ಪ್ಯಾಕೆಟ್ ಕಳೆಯುತ್ತಿದ್ದೂ ಅದು 0 ಆಗಿದ್ದರೆ ಮುಂದಕ್ಕೆ ಹೋಗಬೇಡಿ, ಇಲ್ಲೇ ಏನೋ ಇದೆ.

ನಷ್ಟದ ಆಕಾರ ನೋಡುವುದು

ಈಗ ನಿಜವಾದ ಕೆಲಸ. ರಿಸೀವರ್‌ನಲ್ಲಿ ಹತ್ತು ನಿಮಿಷದ ಪ್ಯಾಕೆಟ್ ಹಿಡಿಯಿರಿ. ಚಿತ್ರ ಒಡೆಯುವ ಹೊತ್ತಿನಲ್ಲೇ ಹಿಡಿಯಬೇಕು, ರಾತ್ರಿ ಯಾರೂ ಇಲ್ಲದಾಗ ಅಲ್ಲ. ವೈರ್‌ಶಾರ್ಕ್‌ನಲ್ಲಿ ಆರ್‌ಟಿಪಿ ಸೀಕ್ವೆನ್ಸ್ ನಂಬರ್ ಮತ್ತು ಬಂದ ಸಮಯ, ಇವೆರಡನ್ನೇ ಹೊರತೆಗೆಯಿರಿ. ನಂಬರ್ ಎಲ್ಲಿ ಎಗರಿದೆ, ಎಷ್ಟು ಎಗರಿದೆ ಅಂತ ಪಟ್ಟಿ ಮಾಡಿ. ಒಂದು ಎಚ್ಚರ: ಈ ನಂಬರ್ 16 ಬಿಟ್‌ನದು. 65535 ಆದ ಮೇಲೆ 0ಗೆ ಬರುತ್ತದೆ. 5 ಎಂಬಿಪಿಎಸ್‌ನಲ್ಲಿ ಸುಮಾರು 138 ಸೆಕೆಂಡಿಗೊಮ್ಮೆ ಹೀಗಾಗುತ್ತದೆ. ಅದನ್ನು ನಷ್ಟ ಅಂದುಕೊಳ್ಳಬೇಡಿ.

ಪಟ್ಟಿ ಹೀಗೆ ಕಂಡರೆ: 41212 ಇಲ್ಲ, 41297 ಇಲ್ಲ, 41340 ಇಲ್ಲ, 41466 ಇಲ್ಲ. ಇದು ಚದುರಿದ ನಷ್ಟ. ಎಫ್‌ಇಸಿಗೆ ಹೇಳಿ ಮಾಡಿಸಿದ ಕೇಸು.

ಹೀಗೆ ಕಂಡರೆ: ಐದು ನಿಮಿಷ ಏನೂ ಇಲ್ಲ, ಆಮೇಲೆ 7840ರಿಂದ 7863ರವರೆಗೆ 24 ಪ್ಯಾಕೆಟ್ ಒಟ್ಟಿಗೆ ಮಾಯ, ಮತ್ತೆ ಎರಡು ನಿಮಿಷ ಏನೂ ಇಲ್ಲ. ಇದು ಗೊಂಚಲು. ವೈಫೈ, ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಇದೇ ಜಾಸ್ತಿ. ಇಲ್ಲಿ ಶೇಕಡಾ ಲೆಕ್ಕ ತೆಗೆದರೆ ಶೇ 0.02 ಕೂಡ ಬರುವುದಿಲ್ಲ. ಲಿಂಕ್ ಚೆನ್ನಾಗಿದೆ ಅಂತ ರಿಪೋರ್ಟ್ ಹೇಳುತ್ತದೆ, ನೋಡುವವರು ಬೈಯುತ್ತಾರೆ.

ಮೂರನೆಯ ಬಗೆಯಲ್ಲಿ ನಷ್ಟಕ್ಕೆ ಮುಂಚೆ ಪ್ಯಾಕೆಟ್‌ಗಳು ತಡವಾಗುತ್ತಾ ಬರುತ್ತವೆ. ಎರಡು ಮಿಲಿಸೆಕೆಂಡಿಗೊಂದು ಬರುತ್ತಿದ್ದದ್ದು ಮೂರಕ್ಕೆ, ನಾಲ್ಕಕ್ಕೆ ಬಂದು, ಆಮೇಲೆ ಬೀಳಲು ಶುರು. ಎಲ್ಲೋ ಒಂದು ಕ್ಯೂ ತುಂಬುತ್ತಿದೆ ಅಂತ ಅರ್ಥ.

ನಾಲ್ಕನೆಯದು ತಾಳ ಹಾಕಿದಂತಿರುತ್ತದೆ. ಸರಿಯಾಗಿ ಎರಡು ಸೆಕೆಂಡಿಗೊಮ್ಮೆ ನಷ್ಟ. ನಿಮ್ಮ ಕೀಫ್ರೇಮ್ ಅಂತರವೂ ಎರಡು ಸೆಕೆಂಡೇ ಅಲ್ವಾ? ಕೀಫ್ರೇಮ್, ಅಂದರೆ ಪೂರ್ತಿ ಚಿತ್ರ ಹೊತ್ತ ಫ್ರೇಮ್, ದೊಡ್ಡದು. ಎನ್‌ಕೋಡರ್ ಅದನ್ನು ಒಂದೇ ಉಸಿರಿಗೆ ಹೊರಗೆ ಎಸೆದರೆ ಮಧ್ಯದ ಸಣ್ಣ ಬಫರ್ ತಡೆಯುವುದಿಲ್ಲ. ಎನ್‌ಕೋಡರ್‌ನಲ್ಲಿ ಸ್ಥಿರ ಬಿಟ್‌ರೇಟ್ ಅಥವಾ ಪೇಸಿಂಗ್ (ಪ್ಯಾಕೆಟ್‌ಗಳನ್ನು ಸಮ ಅಂತರದಲ್ಲಿ ಬಿಡುವುದು) ಹಾಕಿ, ಎಫ್‌ಇಸಿ ಮುಟ್ಟಬೇಡಿ.

ವೈಫೈ ಬಗ್ಗೆ ಒಂದು ಪಕ್ಕದ ಮಾತು. ಮಲ್ಟಿಕಾಸ್ಟ್ ವಿಡಿಯೋ (ಒಂದೇ ಸ್ಟ್ರೀಮನ್ನು ಹಲವರಿಗೆ ಒಟ್ಟಿಗೆ ಕಳಿಸುವುದು) ವೈಫೈ ಮೇಲೆ ಹೋದರೆ ಯಾವಾಗಲೂ ಜಾಸ್ತಿ ಒಡೆಯುತ್ತದೆ. ಒಬ್ಬರಿಗೆ ಕಳಿಸುವಾಗ ವೈಫೈ ತಾನೇ ‘ಸಿಕ್ಕಿತಾ?’ ಅಂತ ಖಚಿತ ಮಾಡಿಕೊಳ್ಳುತ್ತದೆ, ಸಿಗದಿದ್ದರೆ ಮತ್ತೆ ಕಳಿಸುತ್ತದೆ. ಮಲ್ಟಿಕಾಸ್ಟ್‌ಗೆ ಆ ಸೌಲಭ್ಯ ಇಲ್ಲ. ಅಕ್ಸೆಸ್ ಪಾಯಿಂಟ್‌ನಲ್ಲಿ ಮಲ್ಟಿಕಾಸ್ಟನ್ನು ಯುನಿಕಾಸ್ಟ್‌ಗೆ ಬದಲಿಸುವ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನು ಹಾಕಿ ನೋಡಿ. ಎಷ್ಟೋ ಸಲ ಅಲ್ಲಿಗೇ ತೊಂದರೆ ಮುಗಿದಿರುತ್ತದೆ.

ಶೇ 1ರ ನಷ್ಟಕ್ಕೆ ಶೇ 10ರ ಎಫ್‌ಇಸಿ ಯಾಕೆ ಸಾಲದು?

ಇದೊಂದು ಲೆಕ್ಕ ಕೈಯಾರೆ ಮಾಡಿ ನೋಡಿದರೆ ಕಣ್ಣು ತೆರೆಯುತ್ತದೆ.

5 ಎಂಬಿಪಿಎಸ್ ಸ್ಟ್ರೀಮ್, 1316 ಬೈಟ್‌ನ ಪ್ಯಾಕೆಟ್. ಸೆಕೆಂಡಿಗೆ ಸುಮಾರು 475 ಪ್ಯಾಕೆಟ್. ಶೇ 1ರಷ್ಟು ಚದುರಿ ಕಳೆಯುತ್ತಿವೆ ಅನ್ನೋಣ. ಹತ್ತು ಪ್ಯಾಕೆಟ್‌ಗೆ ಒಂದು ಎಫ್‌ಇಸಿ, ಅಡ್ಡಸಾಲು ಮಾತ್ರ. ಕಳೆಯುವುದರ ಹತ್ತು ಪಟ್ಟು ವಿಮೆ ಮಾಡಿಸಿದ್ದೇವೆ, ಸಾಕಲ್ವಾ?

ಕಳೆದ ಒಂದು ಪ್ಯಾಕೆಟ್ ಮತ್ತೆ ಸಿಗಬೇಕಾದರೆ ಅದರ ಜೊತೆಗಿನ ಒಂಬತ್ತು ಮತ್ತು ಎಫ್‌ಇಸಿ ಪ್ಯಾಕೆಟ್, ಹತ್ತೂ ತಲುಪಬೇಕು. ಹತ್ತೂ ತಲುಪುವ ಸಾಧ್ಯತೆ 0.99ರ ಹತ್ತನೇ ಘಾತ, ಅಂದರೆ ಸುಮಾರು ಶೇ 90.4. ಉಳಿದ ಶೇ 9.6 ಸಲ ಸರಿಪಡಿಸಲು ಬರುವುದಿಲ್ಲ. ಹಾಗಾಗಿ ಶೇ 1ರ ನಷ್ಟ ಹೆಚ್ಚುಕಡಿಮೆ ಶೇ 0.1ಕ್ಕೆ ಇಳಿಯಿತು. ಕೇಳಲು ಚೆನ್ನಾಗಿದೆ. ಆದರೆ 475ರಲ್ಲಿ ಶೇ 0.1 ಅಂದರೆ ಎರಡು ಸೆಕೆಂಡಿಗೊಂದು ಪ್ಯಾಕೆಟ್ ಇನ್ನೂ ಕಳೆಯುತ್ತಿದೆ! ಒಂದು ಪ್ಯಾಕೆಟ್ ಹೋದರೂ ಅದರ ಗಾಯ ಮುಂದಿನ ಕೀಫ್ರೇಮ್ ಬರುವವರೆಗೆ ಪರದೆಯ ಮೇಲೆ ಉಳಿಯಬಹುದು. ಕೀಫ್ರೇಮ್ ಎರಡು ಸೆಕೆಂಡಿಗೊಮ್ಮೆ. ಅಂದರೆ ಪರದೆ ವಾಸಿಯಾಗುವುದರೊಳಗೆ ಮತ್ತೆ ಗಾಯ.

ಈಗ ಅದೇ ಸ್ಟ್ರೀಮ್‌ಗೆ 10ಕ್ಕೆ 10ರ ಚೌಕಳಿ ಹಾಕಿ ಅಡ್ಡಸಾಲು, ಕಂಬಸಾಲು ಎರಡನ್ನೂ ಕಳಿಸಿ. ಖರ್ಚು ಶೇ 20. ಅಡ್ಡದಲ್ಲಿ ಆಗದ್ದನ್ನು ಉದ್ದದಲ್ಲಿ ಸರಿಪಡಿಸಬಹುದು, ಹಾಗೆ ಸಿಕ್ಕಿದ್ದನ್ನು ಹಿಡಿದು ಮತ್ತೆ ಅಡ್ಡದಲ್ಲಿ ಇನ್ನೊಂದನ್ನು. ಉಳಿಯುವುದು ಯಾವುದು? ಒಂದು ಪ್ಯಾಕೆಟ್ ಮತ್ತು ಅದರ ಎರಡೂ ಎಫ್‌ಇಸಿಗಳು ಒಟ್ಟಿಗೆ ಕಳೆದಾಗ, ಅಥವಾ ನಾಲ್ಕು ನಷ್ಟಗಳು ಸರಿಯಾಗಿ ಆಯತದ ನಾಲ್ಕು ಮೂಲೆಗೆ ಬಿದ್ದಾಗ, ಇಂಥವು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ಒಂದು ಒಡಕು. ಖರ್ಚು ಎರಡು ಪಟ್ಟಾಯಿತು, ಫಲ ನೂರಾರು ಪಟ್ಟಾಯಿತು. ಚದುರಿದ ನಷ್ಟಕ್ಕೆ ಒಂದೇ ದಿಕ್ಕಿನ ಎಫ್‌ಇಸಿ ಹಾಕಿ ಒದ್ದಾಡುವುದು ದಂಡ ಅಂತ ನಾನು ಹೇಳುವುದು ಇದಕ್ಕೇ.

ಗೊಂಚಲಿಗೆ ಎಷ್ಟು ದೊಡ್ಡ ಚೌಕಳಿ?

ಗೊಂಚಲು ನಷ್ಟವನ್ನು ಹಿಡಿಯುವುದು ಕಂಬಸಾಲು. ಹತ್ತು ಕಂಬ ಇದ್ದರೆ ಒಂದರ ಹಿಂದೊಂದು ಹತ್ತು ಪ್ಯಾಕೆಟ್ ಹೋದರೂ ಪ್ರತಿ ಕಂಬಕ್ಕೆ ಒಂದೇ ಪೆಟ್ಟು, ಎಲ್ಲವೂ ಮರಳಿ ಸಿಗುತ್ತವೆ. ಹನ್ನೊಂದನೆಯದು ಹೋದರೆ ಒಂದು ಕಂಬಕ್ಕೆ ಎರಡು ಪೆಟ್ಟು. ಅಡ್ಡಸಾಲು ಇಲ್ಲಿ ಬರೀ ದುಡ್ಡು ದಂಡ, ಅದು ಒಂದನ್ನು ಮಾತ್ರ ಹಿಡಿಯಬಲ್ಲದು.

ಆದರೆ 2022-1ರಲ್ಲಿ ಮಿತಿಗಳಿವೆ. ಕಂಬಗಳು 20ಕ್ಕಿಂತ ಜಾಸ್ತಿ ಇರುವಂತಿಲ್ಲ. ಸಾಲುಗಳು 4ರಿಂದ 20. ಎರಡರ ಗುಣಲಬ್ಧ 100 ದಾಟುವಂತಿಲ್ಲ. ಅಂದರೆ ಅತಿ ಹೆಚ್ಚು ಅಂದರೆ 20 ಪ್ಯಾಕೆಟ್‌ನ ಗೊಂಚಲು. 5 ಎಂಬಿಪಿಎಸ್‌ನಲ್ಲಿ ಪ್ಯಾಕೆಟ್‌ಗೆ 2.1 ಮಿಲಿಸೆಕೆಂಡ್, ಹಾಗಾಗಿ ಅದು 42 ಮಿಲಿಸೆಕೆಂಡಿನ ಕತ್ತಲೆಗೆ ಸಮ. ಮೇಲಿನ ಪಟ್ಟಿಯಲ್ಲಿ ಕಂಡ 24 ಪ್ಯಾಕೆಟ್‌ನ ಗೊಂಚಲು 50 ಮಿಲಿಸೆಕೆಂಡಿನದು. ಅದನ್ನು ಈ ಪದ್ಧತಿಯ ಯಾವ ಸೆಟ್ಟಿಂಗೂ ಪೂರ್ತಿ ಸರಿಪಡಿಸಲಾರದು. ಇದು ಗೊತ್ತಾದರೆ ಎಷ್ಟೋ ರಾತ್ರಿಯ ಪ್ರಯೋಗ ಉಳಿಯುತ್ತದೆ.

ಇಲ್ಲೊಂದು ತಿರುವಿದೆ. ಚೌಕಳಿ ಎಣಿಸುವುದು ಪ್ಯಾಕೆಟ್‌ಗಳನ್ನು, ಸಮಯವನ್ನಲ್ಲ. ಲಿಂಕ್ ಕತ್ತರಿಸುವುದು ಸಮಯವನ್ನು. 20 ಎಂಬಿಪಿಎಸ್‌ನಲ್ಲಿ ಅದೇ 20 ಪ್ಯಾಕೆಟ್ ಬರೀ 10 ಮಿಲಿಸೆಕೆಂಡ್. ಸಣ್ಣ ಸ್ಟ್ರೀಮ್‌ನಲ್ಲಿ ಚೆನ್ನಾಗಿ ಓಡಿದ ಸೆಟ್ಟಿಂಗನ್ನು ದೊಡ್ಡದಕ್ಕೆ ನಕಲು ಮಾಡಿದರೆ ರಕ್ಷಣೆ ಕುಗ್ಗುತ್ತದೆ. ತಿರುವುಮುರುವು ಮಾಡಿದರೆ ಇನ್ನೊಂದು ಪೇಚು: 1 ಎಂಬಿಪಿಎಸ್‌ನಲ್ಲಿ 100 ಪ್ಯಾಕೆಟ್‌ನ ಚೌಕಳಿ ತುಂಬಲು ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟು ಹೊತ್ತು ರಿಸೀವರ್ ಕಾಯಬೇಕು.

ಕಾಯದಿದ್ದರೆ? ಅದೇ ಇನ್ನೊಂದು ಸಾಮಾನ್ಯ ದೋಷ. ಪ್ಲೇಯರ್ ಬಫರ್ 100 ಮಿಲಿಸೆಕೆಂಡ್, ಚೌಕಳಿ 210 ಮಿಲಿಸೆಕೆಂಡಿನದು. ಎಫ್‌ಇಸಿ ಪ್ಯಾಕೆಟ್ ಬರುವಷ್ಟರಲ್ಲಿ ಕಳೆದ ಪ್ಯಾಕೆಟ್ ತೋರಿಸಬೇಕಾದ ಕ್ಷಣ ದಾಟಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕಂಬಸಾಲಿನ ಎಫ್‌ಇಸಿ ಚೌಕಳಿ ಮುಗಿದ ಮೇಲೆ ಹೊರಡುತ್ತದೆ, ಅದೂ ಒಂದೇ ಸಲ ಅಲ್ಲ, ಮುಂದಿನ ಚೌಕಳಿಯ ಉದ್ದಕ್ಕೂ ಹರಡಿಕೊಂಡು. ಹಾಗಾಗಿ ಬಫರ್ ಎರಡು ಚೌಕಳಿಯಷ್ಟು ಇದ್ದರೆ ನೆಮ್ಮದಿ.

ಎಫ್‌ಇಸಿ ಹೆಚ್ಚಿಸಿದಷ್ಟೂ ಹಾಳಾಗುತ್ತಿದ್ದರೆ

ಲಿಂಕ್ ತುಂಬಿದೆ. ಬೇರೆ ಕಾರಣ ಹುಡುಕುವ ಮುಂಚೆ ಇದನ್ನು ಪರೀಕ್ಷಿಸಿ. ಎಫ್‌ಇಸಿ ಪೂರ್ತಿ ಆಫ್ ಮಾಡಿ, ಬಿಟ್‌ರೇಟ್ ಕಾಲು ಭಾಗ ಇಳಿಸಿ. ನಷ್ಟ ಹೆಚ್ಚುಕಡಿಮೆ ಮಾಯವಾದರೆ ಉತ್ತರ ಸಿಕ್ಕಿತು. ಕೆಟ್ಟ ರೇಡಿಯೋದಿಂದ ಆಗುವ ನಷ್ಟ ಬಿಟ್‌ರೇಟ್ ಇಳಿಸಿದರೂ ಸುಮಾರು ಅದೇ ಶೇಕಡಾದಲ್ಲಿ ಉಳಿಯುತ್ತದೆ.

ಲೆಕ್ಕ ಹಾಕುವಾಗ ಹೆಡರ್‌ಗಳನ್ನು ಮರೆಯಬೇಡಿ. 5 ಎಂಬಿಪಿಎಸ್ ವಿಡಿಯೋ, ಶೇ 20 ಎಫ್‌ಇಸಿ ಸೇರಿ 6. ಮೇಲೆ ಹೆಡರ್‌ಗಳದು ಶೇ 3ರಷ್ಟು. 6 ಎಂಬಿಪಿಎಸ್ ಅಪ್‌ಲಿಂಕ್‌ನಲ್ಲಿ ಇದು ಹಿಡಿಸುವುದಿಲ್ಲ. ಎಫ್‌ಇಸಿ ಬೇಕು ಅಂತಾದರೆ ವಿಡಿಯೋ ಬಿಟ್‌ರೇಟ್ ಇಳಿಸಿ ಅದಕ್ಕೆ ಜಾಗ ಮಾಡಿಕೊಡಿ. ಸ್ವಲ್ಪ ಮಸುಕಾದ, ಒಡೆಯದ ಚಿತ್ರವನ್ನು ಯಾರೂ ದೂರುವುದಿಲ್ಲ.

ಎಆರ್‌ಕ್ಯೂ ಬಳಸಬಹುದಾದರೆ ಅದನ್ನೇ ಬಳಸಿ

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹೋಗಿ ಬರುವ ಸಮಯ, ಅಂದರೆ ಆರ್‌ಟಿಟಿ, ಕಡಿಮೆ ಇದ್ದು, ಒಬ್ಬರಿಂದ ಒಬ್ಬರಿಗೆ ಕಳಿಸುತ್ತಿದ್ದರೆ ಎಫ್‌ಇಸಿ ಯೋಚನೆಯನ್ನೇ ಬಿಡಿ. ಶೇ 1 ಕಳೆದರೆ ಎಆರ್‌ಕ್ಯೂ ಮತ್ತೆ ಕಳಿಸುವುದೂ ಹೆಚ್ಚುಕಡಿಮೆ ಶೇ 1 ಅಷ್ಟೇ. ಗೊಂಚಲು ಹೋದರೂ ಅದಕ್ಕೆ ತಲೆಬಿಸಿ ಇಲ್ಲ, ಬಫರ್‌ನಲ್ಲಿ ಸಮಯ ಇದ್ದರೆ ಸಾಕು. ಉಪಗ್ರಹದ ಏಕಮುಖ ಹಾದಿ, ಒಂದೇ ಸ್ಟ್ರೀಮನ್ನು ನೂರಾರು ಜನ ಕೇಳುವ ಮಲ್ಟಿಕಾಸ್ಟ್, ಕಾಯಲು ಸಮಯವೇ ಇಲ್ಲದ ಕಡೆ ಎಫ್‌ಇಸಿಗೆ ಅದರದೇ ಜಾಗ ಇದೆ.

ಎಸ್‌ಆರ್‌ಟಿ 2017ರಲ್ಲಿ ಓಪನ್ ಸೋರ್ಸ್ ಆದ ಮೇಲೆ ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ಜನ ಎಡವುವುದು ಲೇಟೆನ್ಸಿ, ಅಂದರೆ ಕಾಯುವ ಸಮಯದ ಸೆಟ್ಟಿಂಗ್‌ನಲ್ಲಿ. ತಾನಾಗಿ ಬರುವ ಬೆಲೆ 120 ಮಿಲಿಸೆಕೆಂಡ್. ಆರ್‌ಟಿಟಿಯ ಮೂರ್ನಾಲ್ಕು ಪಟ್ಟಾದರೂ ಇರಲಿ ಅನ್ನುವುದು ರೂಢಿಯ ಮಾತು. ಆರ್‌ಟಿಟಿ 100 ಇರುವ ಕಡೆ 120 ಇಟ್ಟರೆ ಒಮ್ಮೆ ಕೇಳಿ ತರಿಸುವಷ್ಟೂ ಸಮಯ ಸರಿಯಾಗಿ ಸಿಗುವುದಿಲ್ಲ. ಆರ್‌ಟಿಟಿಯನ್ನು ಸ್ಟ್ರೀಮ್ ಓಡುತ್ತಿರುವಾಗಲೇ ಅಳೆಯಿರಿ. ಖಾಲಿ ಲಿಂಕ್‌ನಲ್ಲಿ ಪಿಂಗ್ 40 ತೋರಿಸಿದ್ದು ಲೋಡ್ ಬಿದ್ದಾಗ 400 ಆಗುವುದು ಹೊಸತೇನಲ್ಲ.

ಇನ್ನೊಂದು ಹೊಂಡ ನೋಡಿ. ಎಸ್‌ಆರ್‌ಟಿಯ ಸ್ವಂತ ಉಪಕರಣಗಳಲ್ಲಿ ಲೇಟೆನ್ಸಿ ಮಿಲಿಸೆಕೆಂಡಿನಲ್ಲಿ. ಎಫ್‌ಎಫ್‌ಎಂಪೆಗ್‌ನಲ್ಲಿ ಅದೇ ಹೆಸರಿನ ಆಯ್ಕೆ ಮೈಕ್ರೋಸೆಕೆಂಡಿನಲ್ಲಿ. ಅರ್ಧ ಸೆಕೆಂಡ್ ಅಂದುಕೊಂಡು 500 ಕೊಟ್ಟರೆ ಅದಕ್ಕೆ ಅದು ಅರ್ಧ ಮಿಲಿಸೆಕೆಂಡ್! 500000 ಕೊಡಬೇಕು. ಎರಡೂ ತುದಿ ಬೇರೆ ಬೇರೆ ಲೇಟೆನ್ಸಿ ಕೇಳಿದರೆ ದೊಡ್ಡದು ಜಾರಿಗೆ ಬರುತ್ತದೆ. ಹಾಗಾಗಿ ‘ನಾನು ಕಡಿಮೆ ಮಾಡಿದೆ, ವಿಳಂಬ ಇಳಿಯಲಿಲ್ಲ’ ಅಂದರೆ ಆ ತುದಿಯವರನ್ನು ಕೇಳಿ.

ಎಣಿಕೆಗಳನ್ನು ಓದುವುದು ಹೀಗೆ. ನಷ್ಟದ ಎಣಿಕೆ ಏರುತ್ತಿದೆ, ಡ್ರಾಪ್ ಎಣಿಕೆ 0: ಎಲ್ಲ ರಿಪೇರಿಯಾಗುತ್ತಿದೆ, ಚಿಂತೆ ಬೇಡ. ಡ್ರಾಪ್ ಏರುತ್ತಿದೆ: ಮತ್ತೆ ಕಳಿಸಿದ್ದು ಹೊತ್ತಿಗೆ ತಲುಪಲಿಲ್ಲ. ಲೇಟೆನ್ಸಿ ಏರಿಸಿ. ಏರಿಸಿದರೂ ಹಾಗೇ ಇದ್ದರೆ ಮತ್ತೆ ಕಳಿಸಲು ಬ್ಯಾಂಡ್‌ವಿಡ್ತ್ ಸಿಗುತ್ತಿಲ್ಲ. ಓವರ್‌ಹೆಡ್ ಸೆಟ್ಟಿಂಗ್ ಸಾಮಾನ್ಯವಾಗಿ ಶೇ 25 ಇರುತ್ತದೆ. ಆದರೆ ಗರಿಷ್ಠ ಬ್ಯಾಂಡ್‌ವಿಡ್ತ್ ಆಯ್ಕೆಯನ್ನು 0 ಮಾಡಿದಾಗ ಮಾತ್ರ ಆ ಅಂಕಿ ಲೆಕ್ಕಕ್ಕೆ ಬರುತ್ತದೆ. ಅದನ್ನು ಮುಟ್ಟಿಲ್ಲದಿದ್ದರೆ ಓವರ್‌ಹೆಡ್ ಬದಲಿಸಿ ಪ್ರಯೋಜನ ಇಲ್ಲ.

ಎಸ್‌ಆರ್‌ಟಿಯೊಳಗೂ ಎಫ್‌ಇಸಿ ಫಿಲ್ಟರ್ ಇದೆ, 1.4ನೇ ಆವೃತ್ತಿಯಿಂದ. ಅದರಲ್ಲಿ ಎಆರ್‌ಕ್ಯೂ ಯಾವಾಗ ನಡೆಯಬೇಕು ಅಂತಲೂ ಹೇಳಬಹುದು. ‘ಆನ್‌ರೆಕ್’ ಅಂತಿಟ್ಟರೆ ಎಫ್‌ಇಸಿ ಸೋತದ್ದನ್ನು ಮಾತ್ರ ಕೇಳುತ್ತದೆ. ‘ನೆವರ್’ ಅಂತಿದ್ದರೆ ಎಫ್‌ಇಸಿ ಸೋತಲ್ಲಿಗೆ ಕಥೆ ಮುಗಿಯಿತು. ಯಾವುದೋ ಉದಾಹರಣೆಯಿಂದ ನಕಲು ಮಾಡಿದ ಸಾಲಿನಲ್ಲಿ ಈ ‘ನೆವರ್’ ಉಳಿದುಕೊಂಡಿದೆಯಾ ಅಂತ ಒಮ್ಮೆ ನೋಡಿ.

ಸರಿಮಾಡಿದ್ದು ಸರಿಯಾಗಿದೆಯಾ?

ಲಿಂಕ್ ಕೆಡುವುದನ್ನೇ ಕಾಯುತ್ತಾ ಕೂರಬೇಡಿ. ಲಿನಕ್ಸ್‌ನ ನೆಟ್‌ಎಮ್‌ನಿಂದ ಬೇಕೆಂದೇ ಪ್ಯಾಕೆಟ್ ಬೀಳಿಸಬಹುದು. ಆದರೆ ಬರೀ ‘ಶೇ 2 ಬೀಳಿಸು’ ಅಂದರೆ ಚದುರಿದ ನಷ್ಟ ಸಿಗುತ್ತದೆ, ಎಫ್‌ಇಸಿ ಪಾಸಾಗುತ್ತದೆ, ಫೀಲ್ಡ್‌ಗೆ ಹೋದ ದಿನ ಬಿದ್ದುಹೋಗುತ್ತದೆ. ಅದರಲ್ಲೇ ಗಿಲ್ಬರ್ಟ್–ಎಲಿಯಟ್ ಮಾದರಿಯ ಆಯ್ಕೆ ಇದೆ. ಲಿಂಕ್ ಒಳ್ಳೆಯ ಸ್ಥಿತಿ, ಕೆಟ್ಟ ಸ್ಥಿತಿಗಳ ನಡುವೆ ಹೊಯ್ದಾಡುವ ಹಾಗೆ ಮಾಡಿ ಗೊಂಚಲು ಕೊಡುತ್ತದೆ. ನೀವು ಹಿಡಿದಿಟ್ಟ ಪಟ್ಟಿಯಲ್ಲಿ ಗೊಂಚಲು ಎಷ್ಟು ಉದ್ದ ಇತ್ತೋ ಅದಕ್ಕೆ ಹೊಂದಿಸಿ. ನೆಟ್‌ಎಮ್ ಹೊರಹೋಗುವ ಪ್ಯಾಕೆಟ್‌ಗಷ್ಟೇ ಅನ್ವಯ, ಆದ್ದರಿಂದ ಅದನ್ನು ಕಳಿಸುವ ಕಡೆ ಅಥವಾ ನಡುವಿನ ಮಷೀನಿನಲ್ಲಿ ಹಾಕಿ. ಪರೀಕ್ಷೆ ಮುಗಿದ ಮೇಲೆ ತೆಗೆಯಲು ಮರೆತು ಮಾರನೇ ದಿನ ಮತ್ತೆ ದೋಷ ಹುಡುಕಲು ಹೊರಟವನು ನಾನೊಬ್ಬನೇ ಇರಲಾರೆ.

ಇಷ್ಟೆಲ್ಲ ಮಾಡಿದರೂ ಕೆಲವು ಲಿಂಕ್‌ಗಳು ಬಗ್ಗುವುದಿಲ್ಲ. ಮೊಬೈಲ್ ಒಂದು ಟವರ್‌ನಿಂದ ಇನ್ನೊಂದಕ್ಕೆ ದಾಟುವಾಗ ನೂರಾರು ಮಿಲಿಸೆಕೆಂಡ್ ಏನೂ ಬಾರದೇ ಇರಬಹುದು. ಅಷ್ಟು ಕತ್ತಲೆಗೆ ಎಫ್‌ಇಸಿ ಸಾಲದು. ವಿಳಂಬ ಇಟ್ಟುಕೊಳ್ಳಲು ಆಗದಿದ್ದರೆ ಎಆರ್‌ಕ್ಯೂ ಕೂಡ ನಡೆಯದು. ಆಗ ಉಳಿಯುವುದು ಎರಡು ಬೇರೆ ಬೇರೆ ಹಾದಿಗಳಲ್ಲಿ ಅದೇ ಸ್ಟ್ರೀಮನ್ನು ಕಳಿಸಿ, ಯಾವುದು ಬಂತೋ ಅದರಿಂದ ಪ್ಯಾಕೆಟ್ ಆರಿಸಿಕೊಳ್ಳುವುದು. ಎಸ್‌ಎಂಪಿಟಿಇ 2022-7 ಹೇಳುವುದು ಇದನ್ನೇ. ಖರ್ಚು ಶೇ 100. ಎರಡೂ ಹಾದಿಗಳು ಕೊನೆಗೆ ಒಂದೇ ಟವರ್‌ಗೆ, ಒಂದೇ ಕೇಬಲ್‌ಗೆ ಸೇರುವುದಿಲ್ಲ ಅಂತ ಖಚಿತ ಮಾಡಿಕೊಂಡೇ ಆ ಖರ್ಚಿಗೆ ಕೈಹಾಕಿ.